ಸಾರಿಸಿದ ನೆಲದ ಹೆಜ್ಜೆಗಳು

ತಂಬೂರಿನ ಸುಮಂಗಲಾಳ ಮನೆಯಲ್ಲಿ ಫಿನಾಯಿಲ್ ಬಾಟಲಿ ಎಂದೂ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಅತ್ತೆ ರೇವವ್ವ ಬರಗೊಡಲಿಲ್ಲ. "ಆ ವಾಸನಿ ದವಾಖಾನಿಗೆ ಇರಲಿ, ಮನಿಗ್ಯಾಕ?" ಎನ್ನುತ್ತಿದ್ದಳು. ಹಿತ್ತಾಳೆಗೆ ಹುಣಸೆಹಣ್ಣು, ಕರಿ ಹಿಡಿದ ಬೋಗುಣಿಗೆ ಒಲೆಯ ಬೂದಿ, ಮಣ್ಣಿನ ನೆಲಕ್ಕೆ ಬೇವಿನೆಲೆ ಕುದಿಸಿದ ನೀರಲ್ಲಿ ಕಲಸಿದ ಸಗಣಿ. ಸೊಸೆಗೆ ಇದನ್ನೆಲ್ಲ ಬೈದು ಬೈದು ಕಲಿಸಿದವಳು ಅವಳೇ. ಜೊತೆಗೆ ಒಂದು ಕಟ್ಟಳೆಯನ್ನೂ ಕಲಿಸಿದ್ದಳು. ಮನೆಯವರು ಊರಿಗೆ ಹೊರಟ ಬೆನ್ನಿಗೇ ಕಸ ಗುಡಿಸಬಾರದು, ನೆಲ ಸಾರಿಸಬಾರದು. ಹಾಗೆ ಮಾಡುವುದು ಮನೆಯಿಂದ ಹೆಣ ಎತ್ತಿದ ಮೇಲೆ ಮಾತ್ರ.

ಹೋದ ವರ್ಷ ರೇವವ್ವ ಕಣ್ಣಿನ ಪೊರೆ ತೆಗೆಸಲು ಮಗ ಗೌರೀಶನ ಜೊತೆ ಹುಬ್ಬಳ್ಳಿಗೆ ಹೊರಟಳು. ಅವತ್ತು ಅಮಾವಾಸ್ಯೆ, ಪೂಜೆಗೆ ಹೊತ್ತಾಗುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸುಮಂಗಲಾ ಕಟ್ಟಳೆ ಮರೆತು ಪಡಸಾಲೆಯನ್ನು ಸಾರಿಸಿಬಿಟ್ಟಳು. ಮರೆತುಹೋದ ಎಲೆ ಅಡಿಕೆಯ ಚೀಲಕ್ಕಾಗಿ ಬಸ್‌ಸ್ಟ್ಯಾಂಡಿನಿಂದ ಒಬ್ಬಳೇ ತಿರುಗಿ ಬಂದ ರೇವವ್ವ ಹಸಿ ನೆಲದ ಮೇಲೆ ಹೆಜ್ಜೆಯಿಟ್ಟು ನಿಂತಳು.

"ನನ್ನ ಹೆಣಾ ಆಗಲೇ ಎತ್ತಿದೇನಬೇ, ಸುಮಾ?"

ಮುದುಕಿ ಚೀಲ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ದವಾಖಾನೆಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದಾಗಲೇ ಅವಳ ಎದೆಬಡಿತ ನಿಂತಿತು. ಆ ದಿನದ ಮಾತನ್ನು ಸುಮಂಗಲಾ ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಹೆಜ್ಜೆಗಳು ಮಾತ್ರ ಉಳಿದವು. ಒಳಗೆ ಬಂದ ಹೆಜ್ಜೆಗಳು, ಹೊರಗೆ ಹೋದವಲ್ಲ. ಎಷ್ಟು ಸಲ ಸಾರಿಸಿದರೂ ನೆಲ ಒಣಗುತ್ತಿದ್ದಂತೆ ಮತ್ತೆ ಮೂಡುತ್ತಿದ್ದವು, ಅತ್ತೆಯ ಮಡಚಿದ ಕಿರುಬೆರಳಿನ ಸಮೇತ.

"ಮಣ್ಣು ತಗ್ಗಾಗೇತಿ, ಅಷ್ಟ," ಎಂದು ಗೌರೀಶ ನಗುತ್ತಿದ್ದ. ನಗುವವನಿಗೇನು, ದಿನವಿಡೀ ಅವುಗಳನ್ನು ದಾಟಿಕೊಂಡು ಓಡಾಡುವವಳು ಇವಳು. ಒಳಗೆ ಬಂದ ಅತ್ತೆ ಇನ್ನೂ ಹೋಗಿಲ್ಲ, ಅವಳ ಸಿಟ್ಟೂ ಹೋಗಿಲ್ಲ ಎಂಬುದು ಸುಮಂಗಲಾಳಿಗೆ ಖಾತ್ರಿಯಾಗಿತ್ತು.

ಈಗ ಗೌರೀಶನೇ ಹೊರಟಿದ್ದ, ಕಿಡ್ನಿಯ ಹರಳು ತೆಗೆಸಲು, ಅದೇ ಹುಬ್ಬಳ್ಳಿಗೆ. ಇವತ್ತೂ ಅಮಾವಾಸ್ಯೆ. ಮನೆಯಲ್ಲಿ ಇಂದೋ ನಾಳೆಯೋ ಈಯುವ ಎಮ್ಮೆ ಇದ್ದುದರಿಂದ ಸುಮಂಗಲಾ ಉಳಿಯಬೇಕಾಯಿತು, ಕಾಕಾ ಈರಬಸಪ್ಪ ಜೊತೆಗೆ ಹೋದ. "ಹೋಗಿ ಬರ್ರಿ" ಎಂದು ಕಳಿಸಿ ಒಳಗೆ ಬಂದಳು. ಅಮಾವಾಸ್ಯೆಯ ರೂಢಿ, ಕೈ ತನ್ನ ಪಾಡಿಗೆ ತಾನು ಸಗಣಿಗೆ ಬೇವಿನ ನೀರು ಸುರಿದು ಕಲಸಿತು. ಸಾರಿಸಲು ಬಾಗಿದಾಗ ಆ ಹೆಜ್ಜೆಗಳು ಕಣ್ಣಿಗೆ ಬಿದ್ದವು. ನೆಲ ಮುಟ್ಟಲಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಮಧ್ಯಾಹ್ನ ಎಮ್ಮೆಗೆ ಮೇವು ಹಾಕಿ ಬಂದಾಗ ಹೆಜ್ಜೆಗಳು ಹೊಸ್ತಿಲ ಕಡೆಗೆ ತಿರುಗಿದ್ದವು. ಕಣ್ಣುಜ್ಜಿಕೊಂಡು ನೋಡಿದಳು. ಅದೇ ಮಡಚಿದ ಕಿರುಬೆರಳು, ಹೊರಗೆ ಹೋದ ಹೆಜ್ಜೆ. ಅತ್ತೆ ಎಲ್ಲಿಗೆ ಹೋಗಿದ್ದಾಳೆಂದು ಯಾರೂ ಹೇಳಬೇಕಿರಲಿಲ್ಲ.

"ಅತ್ತಿ, ಸಿಟ್ಟಿದ್ರ ನನ್ನ ಮ್ಯಾಲೆ ತೀರಿಸ್ಕೋರಿ. ನಿಮ್ಮ ಮಗನ್ನ ಬಿಡ್ರಿ," ಎಂದು ಹೊಸ್ತಿಲ ಬಳಿ ಕುಸಿದು ಅತ್ತಳು.

ಇಳಿಹೊತ್ತಿಗೆ ಫೋನು ಬಂತು. ಗೌರೀಶನ ದನಿ ಸಣ್ಣಗಿತ್ತು.

"ಆಪರೇಷನ್ ಆತು, ಸುಮಾ. ಆರಾಮ ಅದೀನಿ. ಮಂಪರದಾಗ ಅವ್ವ ಬಂದಿದ್ಲು ನೋಡು. ಮಂಚದ ಬಾಜೂಕ ನಿಂತು, 'ನಡಿ' ಅಂತ ಕೈ ಹಿಡದು ಎಬ್ಬಿಸಿದ್ಲು. ನಾನೂ ಹೊಂಟಿದ್ನಿ. ಬಾಗಿಲ ತನಕ ಹೋಗಿ ಯಾಕೋ ನಿಂತ್ಲು. 'ಆಕಿ ಇನ್ನೂ ನೆಲಾ ಸಾರಿಸಿಲ್ಲ. ಹಂಗಾದ್ರ ನೀ ಮನಿಗೆ ಹೋಗಪಾ' ಅಂತ ಹೇಳಿ ಕೈ ಬಿಟ್ಲು. ಏನ್ ಕನಸೋ ಏನೋ!"

ಸುಮಂಗಲಾ ತಿರುಗಿ ನೋಡಿದಳು. ಪಡಸಾಲೆಯ ಮೂಲೆಯಲ್ಲಿ ಬೆಳಿಗ್ಗೆ ಕಲಸಿದ ಸಗಣಿ ಬಕೆಟ್ಟಿನಲ್ಲಿ ಹಾಗೇ ಇತ್ತು. ಫೋನು ಹಿಡಿದ ಅವಳ ಬೆರಳ ಸಂದಿಯಲ್ಲೂ ಅದು ಒಣಗಿ ಅಂಟಿಕೊಂಡಿತ್ತು.