ಮಣ್ಣಲ್ಲಿ ಉಳಿದ ಬುಡ

ನಮ್ಮ ಮನೆಯಲ್ಲಿ ಅಣಬೆಯನ್ನು ಬುಡಸಮೇತ ಕೀಳುವುದಿಲ್ಲ. ನೆಲಮಟ್ಟಕ್ಕೆ ಕೊಯ್ದು, ಬುಡವನ್ನು ಮುಂದಿನ ವರ್ಷಕ್ಕೆಂದು ಮಣ್ಣಲ್ಲೇ ಬಿಡುತ್ತಾರೆ. ೧೯೯೮ರ ಜೂನ್‌ನಲ್ಲಿ ನನ್ನ ಅತ್ತೆ ಭದ್ರಮ್ಮ ಹಾಗೇ ಕೊಯ್ದು ತಂದರು, ತೋಟದ ಮೇಲಿನ ಕಾಡಂಚಿನ ಧೂಪದ ಮರದಡಿಯಿಂದ.

ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಹಾನುಬಾಳಿನ ಹತ್ತಿರದ ಈ ಮನೆಗೆ ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತು. ಒಂದು ಅಣಬೆಯನ್ನು ಮಗುಚಿ ನೋಡಿದೆ. ಕೊಡೆ ಬಿಳಿ, ಅಡಿಯ ಪದರಗಳೂ ಬಿಳಿ, ಕಾಂಡದ ಸುತ್ತ ತೆಳ್ಳನೆಯ ಉಂಗುರ. ಎಲ್ಲರೂ ತಿನ್ನುವ ಹುತ್ತದ ಅಣಬೆಗೆ ಇಂಥ ಉಂಗುರವಿರುವುದಿಲ್ಲ. ಬುಡವಿದ್ದರೆ ಅನುಮಾನ ತೀರುತ್ತಿತ್ತು. ಹುತ್ತದ್ದಕ್ಕೆ ಆಳಕ್ಕಿಳಿದ ಬೇರಿನಂಥ ಬಾಲವಿರುತ್ತದೆ; ಕೊಲ್ಲುವ ಅಣಬೆಗೆ ಒಡೆದ ಮೊಟ್ಟೆಯ ಸಿಪ್ಪೆಯಂಥ ಚೀಲ.

"ಇದರ ಬುಡ ನೋಡಬೇಕಿತ್ತು ಅತ್ತೆ," ಎಂದೆ.

"ಬುಡ ಯಾರೇ ತಿಂತಾರೆ? ನಿಮ್ ಕಾಲೇಜಲ್ಲಿ ಬುಡದ್ ಸಾರು ಮಾಡ್ತಿದ್ರಾ?"

ನನ್ನ ಗಂಡ ದೇವೇಂದ್ರ ನಕ್ಕರು. "ಅವ್ಳು ಎಂ.ಎಸ್ಸಿ. ಕಣವ್ವ. ಅನ್ನಕ್ಕೂ ಲ್ಯಾಟಿನ್ ಹೆಸ್ರು ಹುಡುಕ್ತಾಳೆ."

"ಬೆಳ್ಳಿ ಹಾಕಿ ನೋಡಾನ. ಬಿಚ್ಚು ನಿನ್ ಕಾಲುಂಗ್ರ," ಎಂದರು ಅತ್ತೆ.

ಬಿಚ್ಚಿ ತೊಳೆದು ಕೊಟ್ಟೆ. ಕುದಿಯುವ ಪಾತ್ರೆಯಲ್ಲಿ ಮುಳುಗಿ ಎದ್ದ ಕಾಲುಂಗುರ ಬೆಳ್ಳಗೇ ಇತ್ತು.

"ಕಪ್ಪಾಯ್ತೇನೇ?"

ಈ ವಿಷಕ್ಕೆ ಬೆಳ್ಳಿ ಕಪ್ಪಾಗುವುದಿಲ್ಲ ಎಂದು ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಸಾರು ನಾನೇ ಮಾಡಿದೆ. ಅತ್ತೆಗೆ ಸೋಮವಾರದ ಒಪ್ಪತ್ತು, ರಾತ್ರಿ ಊಟವಿಲ್ಲ. ನಾನು ಬರೀ ಮಜ್ಜಿಗೆ ಅನ್ನ ಉಂಡೆ. ದೇವೇಂದ್ರ ಎರಡು ಸಲ ಹಾಕಿಸಿಕೊಂಡರು. ಅವರ ತಟ್ಟೆಯನ್ನು ನಾನು ಎಳೆದುಕೊಳ್ಳಲಿಲ್ಲ.

ಬೆಳಗಿನ ಜಾವ ಅವರಿಗೆ ಶುರುವಾದ ವಾಂತಿ, ಭೇದಿ ಮಂಗಳವಾರವೆಲ್ಲ ನಡೆಯಿತು. ಬುಧವಾರ ಎದ್ದು ಕೂತು ಕಾಫಿ ಕೇಳಿದರು. ಈ ವಿಷ ಹೀಗೇ ಒಂದು ದಿನ ಬಿಟ್ಟುಕೊಟ್ಟು ಒಳಗೆ ಯಕೃತ್ತನ್ನು ಮುಗಿಸುತ್ತದೆ ಎಂದು ಓದಿದ್ದೆ. ಹಾಸನಕ್ಕೆ ಹೋಗೋಣವೆಂದೆ.

"ಹುಷಾರಾದೋನ್ನ ಯಾಕೆ ಎಳ್ಕಂಡೋಯ್ತೀಯ?" ಎಂದರು ಅತ್ತೆ.

"ನಾಳೆ ನೋಡಾನ ಕಣೆ," ಎಂದರು ದೇವೇಂದ್ರ.

ಗುರುವಾರ ಕಣ್ಣು ಹಳದಿಯಾಗಿತ್ತು. ಆಗ ಜೀಪು ಬಂತು. ಶನಿವಾರ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡರು. ಹನ್ನೊಂದನೇ ದಿನ ನನ್ನ ಕಾಲುಂಗುರ ತೆಗೆಸಿದರು. ಆಗಲೂ ಬೆಳ್ಳಗೇ ಇತ್ತು.

ಆಮೇಲೆ ಧೂಪದ ಮರದಡಿಗೆ ಹೋಗಿ, ಹೊಸದಾಗಿ ಎದ್ದಿದ್ದ ಒಂದು ಅಣಬೆಯನ್ನು ಅಗೆದೆ. ಚೀಲವಿತ್ತು. ತಂದು ಅತ್ತೆಯ ಮುಂದಿಟ್ಟೆ. ನೋಡಿದರು, ಒಲೆಗೆ ಹಾಕಿದರು. ಮಾತಾಡಿಸಲು ಬಂದವರಿಗೆಲ್ಲ ಹೇಳಿದ್ದು ಒಂದೇ: "ಕಾಮಾಲೆ ಕಣ್ರೀ. ಅಣ್ಬೆ ಅಲ್ಲ." ಬಂದವರು ಹೊರಟು ನಿಂತಾಗ ಇನ್ನೊಂದು ಮಾತು: "ಅಟ್ಟೋಳು ಯಾಕೆ ಉಣ್ಲಿಲ್ಲ, ಕೇಳಿ."

ಮರುವರ್ಷ ಜೂನ್‌ನಲ್ಲಿ ನಮ್ಮ ತೋಟದ ಆಳುಗಳ ಲೈನ್‌ಮನೆಯ ಗಂಗಾಮಣಿ ಪುಟ್ಟಿ ಹಿಡಿದು ಅಂಗಳಕ್ಕೆ ಬಂದಳು.

"ಧೂಪದ ಮರದ ತಾವ ಸಿಕ್ದೊ. ಅರ್ಧ ದೊಡ್ಡಮ್ಮಾರಿಗೆ."

ಬಿಳಿ ಕೊಡೆ, ಉಂಗುರ, ನೀಟಾಗಿ ಕೊಯ್ದ ಕಾಂಡ. ಪುಟ್ಟಿಯ ಅಂಚು ಹಿಡಿದುಕೊಂಡೆ.

"ತಿನ್ನಬೇಡ ಗಂಗಾ. ನಮ್ಮನೆಯವರು ಹೋಗಿದ್ದು ಇದರಿಂದಲೇ."

"ನೀವು ಓದ್ದೋರು ಸಣ್ಣಮ್ಮಾರೆ, ಎಲ್ಲಾದ್ರಾಗೂ ವಿಷ ಕಾಣ್ತೀರ. ಅವ್ರು ಹೋಗಿದ್ದು ಕಾಮಾಲೆಗೆ. ದೊಡ್ಡಮ್ಮಾರೇ ಹೇಳವ್ರೆ." ಪುಟ್ಟಿ ಎಳೆದಳು. "ಬುಡಿ, ಮಕ್ಳು ಹಸ್ಕಂಡವೆ."

ಅತ್ತೆ ಜಗಲಿಯಲ್ಲಿ ನಿಂತಿದ್ದರು.

"ನೀವೇ ಹೇಳಿ ಅತ್ತೆ. ನನ್ನ ಮಾತು ಕೇಳಲ್ಲ."

ಅವರು ಇಳಿದು ಬಂದು ಕುಕ್ಕರುಗಾಲಲ್ಲಿ ಕೂತರು. ಒಂದು ಅಣಬೆ ಎತ್ತಿ ಮಗುಚಿದರು. ಉಂಗುರವನ್ನು ಹೆಬ್ಬೆರಳಿನಿಂದ ಮುಟ್ಟಿದರು. ಆಮೇಲೆ ಪುಟ್ಟಿಯನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಎಲ್ಲವನ್ನೂ ಹಂಡೆಯ ಒಲೆಗೆ ಸುರಿದರು. ಮೂರು ಸಲ ಸೀಗೆಪುಡಿ ಹಾಕಿ ಕೈ ತೊಳೆದರು.

"ಯಾಕ್ ದೊಡ್ಡಮ್ಮಾರೆ?"

"ಹುಳ ಬಿದ್ದಿದ್ವು ಕಣೇ. ಒಂದ್ ಸೇರು ಹುರುಳಿ ತಕಂಡೋಗು."

ಒಂದರಲ್ಲೂ ಹುಳವಿರಲಿಲ್ಲ. ಅತ್ತೆ ನನ್ನ ಕಡೆ ನೋಡದೆ ಒಳಗೆ ಹೋಗಿ ಹುರುಳಿ ಅಳೆದು ತಂದರು.

ಗಂಗಾಮಣಿ ಸೆರಗಿಗೆ ಕಟ್ಟಿಕೊಂಡಳು. "ನಾಳಿಕ್ಕೆ ಹುಳ ಇಲ್ದಂಗೆ ನೋಡ್ಕಂಡು ಎಳೇವು ಕುಯ್ತೀನಿ ಬುಡಿ," ಎಂದು ಹೊರಟಳು.

ನಾನು ಗುದ್ದಲಿ ಎತ್ತಿಕೊಂಡೆ.

"ನಿಲ್ಲು ಗಂಗಾ. ಮರದ ಹತ್ತಿರ ಹೋಗೋಣ. ಒಂದನ್ನು ಅಗೆದು ತೋರಿಸ್ತೀನಿ."

ಅತ್ತೆ ಬೇಡವೆನ್ನಲಿಲ್ಲ. ಬಾಗಿಲು ಹಾಕಿಕೊಂಡರು.