ಹಿಮ್ಮಡಿಯಿಲ್ಲದ ಶೂ

ಪಿತೃಪಕ್ಷದಲ್ಲಿ ಹೊಸದನ್ನು ಮೈಗೆ ಸೋಕಿಸಬಾರದು ಎಂದು ಬೆಟ್ಟಮ್ಮ ಹೇಳಿದ ಮೇಲೆ ಆ ಮನೆಯಲ್ಲಿ ಎದುರು ಮಾತಿಲ್ಲ. ಮೊಮ್ಮಗಳು ಮೇಘಶ್ರೀಗೆಂದು ಅವಳ ಅಣ್ಣ ಕಾಂತರಾಜು ಹಾಸನದಿಂದ ಶೂ ತಂದದ್ದು ಪಕ್ಷ ಶುರುವಾದ ಮೂರನೆಯ ದಿನ. ಹಿರಿಯರಿಗೆ ಎಡೆ ಇಡುವ ಕಾಲದಲ್ಲಿ ಹೊಸ ಮೆಟ್ಟು ಕೊಂಡು ಬರುತ್ತಾನಲ್ಲ, ದೇವರು ಇವನ ಬುದ್ಧಿಯನ್ನು ಎಲ್ಲಿಟ್ಟಿದ್ದಾನೆ ಎಂದು ಅಜ್ಜಿ ಗೊಣಗಿದಳು. ಡಬ್ಬಿ ಬಿಚ್ಚಲೂ ಬಿಡದೆ ಅಟ್ಟಕ್ಕೆ ಏರಿಸಿದಳು. ಅಮಾವಾಸ್ಯೆ ಕಳೆಯಲಿ, ಆಮೇಲೆ ನೋಡೋಣ ಎಂದಳು.

ಅಮಾವಾಸ್ಯೆ ಭಾನುವಾರ. ಪರೀಕ್ಷೆ ಸೋಮವಾರ.

ಪರೀಕ್ಷೆಯೆಂದರೆ ಬರೆಯುವುದಲ್ಲ. ಅದನ್ನು ಮೇಘಶ್ರೀ ಆಗಲೇ ಪಾಸು ಮಾಡಿದ್ದಳು. ಅರಣ್ಯ ಇಲಾಖೆಯ ಕೆಲಸಕ್ಕೂ ಅವಳಿಗೂ ನಡುವೆ ಉಳಿದಿದ್ದು ನಡಿಗೆಯೊಂದೇ, ನಾಲ್ಕು ಗಂಟೆಯೊಳಗೆ ಹದಿನಾರು ಕಿಲೋಮೀಟರ್. ಕೇಳಿದವರಿಗೆ ಇಷ್ಟೇನಾ ಅನ್ನಿಸುತ್ತದೆ, ನಡೆದು ನೋಡಿದವರಿಗೆ ಗೊತ್ತು. ಹಿಂದೆ ಎರಡು ಸಲ ಬರೆಯುವ ಪರೀಕ್ಷೆಯಲ್ಲೇ ಕೂದಲೆಳೆಯಲ್ಲಿ ತಪ್ಪಿತ್ತು. ಮುಂದಿನ ತಿಂಗಳಿಗೆ ಅವಳ ವಯಸ್ಸು ಮಿತಿ ದಾಟುತ್ತಿತ್ತು, ಹಾಗಾಗಿ ಇನ್ನೊಂದು ಸಲ ಎಂಬ ಮಾತೇ ಇರಲಿಲ್ಲ. ನಾಲ್ಕು ತಿಂಗಳಿಂದ ದಿನಾ ಬೆಳಗ್ಗೆ ಊರಿಂದ ಕಟ್ಟಾಯದ ಸರ್ಕಲ್‌ವರೆಗೆ ಹೋಗಿ ಬಂದು ರೂಢಿ ಮಾಡಿಕೊಂಡಿದ್ದಳು. ಹಸು ಹೊಡೆದುಕೊಂಡು ಹೋಗುವವರು ಮೊದಮೊದಲು ನಕ್ಕರು, ಆಮೇಲೆ ಅವಳನ್ನು ನೋಡಿ ಹೊತ್ತು ಎಷ್ಟಾಯಿತೆಂದು ತಿಳಿಯತೊಡಗಿದರು.

ಅಷ್ಟೂ ದಿನ ಕಾಲಲ್ಲಿದ್ದದ್ದು ಹಳೆಯ ಕ್ಯಾನ್ವಾಸ್ ಶೂ. ಎಡಗಾಲಿನ ಕಿರುಬೆರಳು ಆಚೆ ಇಣುಕುತ್ತಿತ್ತು, ಅಟ್ಟೆ ಸವೆದಿತ್ತು, ಆದರೆ ಅವಳ ಕಾಲಿಗೆ ಅದು ಚರ್ಮದಷ್ಟೇ ಒಗ್ಗಿತ್ತು. ಅಟ್ಟ ಸೇರಿದ ಹೊಸ ಶೂಗಾಗಿ ಅವಳು ಜಗಳ ತೆಗೆಯದಿದ್ದುದು ಅದಕ್ಕೇ. ಪರೀಕ್ಷೆಗೂ ಹಳೆಯದನ್ನೇ ಹಾಕಿಕೊಂಡು ಹೋಗುವುದು ಅವಳ ಲೆಕ್ಕಾಚಾರ.

ಶನಿವಾರ ಸಂಜೆ ನೋಡಿದರೆ ಹಳೆಯ ಶೂ ಜಗಲಿಯಲ್ಲಿಲ್ಲ. ಮನೆಯೆಲ್ಲ ಜಾಲಾಡಿದರು. ಕೊನೆಗೆ ಅಪವಾದ ನಾಯಿ ಭೀಮನ ತಲೆಗೆ ಬಂತು. ಮೆಟ್ಟು ಕಚ್ಚಿಕೊಂಡು ಹೋಗುವುದರಲ್ಲಿ ಅವನ ಹೆಸರು ಮೊದಲೇ ಕೆಟ್ಟಿತ್ತು. ಕಾಂತರಾಜು ಅವನನ್ನು ಕಂಬಕ್ಕೆ ಕಟ್ಟಿ ಬೈದ. ಭೀಮ ಏನೂ ಅರ್ಥವಾಗದೆ ಬಾಲ ಆಡಿಸಿದ. ಬೆಟ್ಟಮ್ಮ ಒಲೆಯ ಮುಂದಿಂದ ಏಳಲೇ ಇಲ್ಲ.

ಸೋಮವಾರ ಬೆಳಗಿನ ಜಾವ ಅಟ್ಟದಿಂದ ಡಬ್ಬಿ ಇಳಿಯಿತು. ಮೇಘಶ್ರೀ ಹೊಸ ಶೂ ಹಾಕಿಕೊಂಡು ಅಂಗಳದಲ್ಲಿ ಹತ್ತು ಹೆಜ್ಜೆ ಹಾಕಿದಳು. ಹಿಮ್ಮಡಿಯ ಹತ್ತಿರ ಬಿಗಿ ಇದೆ ಎಂದಳು. ನಡೆಯುತ್ತಾ ನಡೆಯುತ್ತಾ ಸಡಿಲವಾಗುತ್ತೆ ಬಿಡು ಎಂದು ಕಾಂತರಾಜು ಬೈಕ್ ಹೊರಡಿಸಿದ. ಬೆಟ್ಟಮ್ಮ ಹರಳೆಣ್ಣೆಯ ಪುಟ್ಟ ಬಾಟಲಿಯೊಂದನ್ನು ಮೊಮ್ಮಗಳ ಬ್ಯಾಗಿಗೆ ತುರುಕಿ, ಬೈಕ್ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ಹಾಸನದ ಹೊರಗಿನ ಒಂದು ಮೈದಾನದಲ್ಲಿ ಏಳು ಗಂಟೆಗೆ ನಡಿಗೆ ಶುರು. ಅಲ್ಲಿಂದ ಹಳ್ಳಿ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಹೋಗಿ ಅದೇ ದಾರಿಯಲ್ಲಿ ವಾಪಸು ಬರಬೇಕು. ಉಸ್ತುವಾರಿಯ ರವೀಂದ್ರ ಎಂಬ ಅಧಿಕಾರಿ ಒಬ್ಬೊಬ್ಬರ ಶೂ ಲೇಸಿಗೂ ಒಂದೊಂದು ಚಿಪ್ ಕಟ್ಟಿಸಿ ಸೀಲ್ ಹಾಕಿಸಿದರು. ಹೊರಟ ಶೂನಲ್ಲೇ ಬಂದು ಮುಟ್ಟಬೇಕು, ಬಿಚ್ಚಿ ಕೈಯಲ್ಲಿ ಹಿಡಿದು ಬಂದರೂ ನಡಿಗೆ ಲೆಕ್ಕಕ್ಕಿಲ್ಲ ಎಂದರು. ಮೇಘಶ್ರೀ ಬ್ಯಾಗನ್ನು ಮೈದಾನದಲ್ಲೇ ಇಟ್ಟು ಹೊರಟಳು.

ಮೂರು ಕಿಲೋಮೀಟರ್‌ವರೆಗೆ ಹಿಮ್ಮಡಿ ಬರೀ ಉರಿಯಿತು. ಐದಕ್ಕೆ ಬೊಬ್ಬೆ ಎದ್ದಿತು. ಆರು ಮುಗಿಯುವಾಗ ಬಲಗಾಲಿನದು ಒಡೆದು ಕಾಲುಚೀಲ ಒದ್ದೆಯಾಯಿತು. ಅವಳು ಬೆರಳ ತುದಿಯಲ್ಲಿ ನಡೆದು ನೋಡಿದಳು, ಮೀನಖಂಡ ಹಿಡಿದುಕೊಂಡಿತು. ಪಾದ ಅಡ್ಡ ಹಾಕಿ ನಡೆದಳು, ವೇಗ ಕಡಿಮೆಯಾಯಿತು. ಬೇರೆ ದಿನವಾಗಿದ್ದರೆ ಅವಳ ಹಿಂದೆ ಉಳಿಯುವಂಥ ಹುಡುಗಿಯರು ಒಬ್ಬೊಬ್ಬರಾಗಿ ದಾಟಿಕೊಂಡು ಹೋದರು. ಅವಳಿಗೆ ಅಳು ಬಂತು. ಅಳುತ್ತಲೇ ನಡೆದಳು, ಅಳುವುದಕ್ಕೆಂದು ನಿಲ್ಲಲಿಲ್ಲ.

ಎಂಟರ ಗುರುತು ಮುಟ್ಟಿ ತಿರುಗುವಾಗ ಎರಡು ಗಂಟೆ ಹದಿನೈದು ನಿಮಿಷ ಕಳೆದಿತ್ತು. ಈ ಕಾಲಿನಲ್ಲಿ, ಈ ವೇಗದಲ್ಲಿ ಹೋದರೆ ಮುಟ್ಟುವುದಿಲ್ಲ ಎಂಬುದು ಕೂಸಿಗೂ ಗೊತ್ತಾಗುವ ಮಾತು.

ಸ್ವಲ್ಪ ದೂರದಲ್ಲಿ ಮಾರಮ್ಮ ಎಂಬ ಹೆಂಗಸು ಬದುವಿನ ಮೇಲೆ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದಳು. ಮೇಘಶ್ರೀ ನೇರವಾಗಿ ಅವಳ ಮುಂದೆ ಹೋಗಿ ಕೂತು ಕುಡುಗೋಲು ಕೇಳಿದಳು. ಶೂ ಬಿಚ್ಚಲು ಹೋಗದೆ, ಹಿಂಭಾಗವನ್ನು ಎರಡು ಬೆರಳಲ್ಲಿ ಎಳೆದು ಹಿಡಿದು, ಮೇಲಿಂದ ಅಟ್ಟೆಯವರೆಗೆ ಸೀಳತೊಡಗಿದಳು. ಕುಡುಗೋಲು ದಪ್ಪ ಹೊಲಿಗೆಯಲ್ಲಿ ಸಿಕ್ಕಿಕೊಂಡಿತು. ಮಾರಮ್ಮ ಕೈಲಿದ್ದ ಹುಲ್ಲು ಕೆಳಗಿಟ್ಟು ಬಗ್ಗಿ ನೋಡಿದಳು.

"ಒಸಾ ಮೆಟ್ಟು ಅಲ್ವೇನವ್ವಾ?"

"ಕಾಲು ಅದಕ್ಕಿಂತ ಅಳೇದು ಕಣಕ್ಕ, ಅದೇ ಬೇಕು ನಂಗೆ."

ಮಾರಮ್ಮ ಕುಡುಗೋಲು ಕಿತ್ತುಕೊಂಡಳು. ಹುಲ್ಲು ಕೊಯ್ದು ಪಳಗಿದ ಕೈ, ನಾಲ್ಕೇ ಎಳೆತಕ್ಕೆ ಎರಡೂ ಶೂಗಳ ಹಿಮ್ಮಡಿ ಕೆಳಗೆ ಬಿತ್ತು. ಹೊರೆ ಕಟ್ಟಲೆಂದು ಇಟ್ಟುಕೊಂಡಿದ್ದ ಬಾಳೆಪಟ್ಟೆಯನ್ನು ಸೀಳಿ, ಪಾದದ ಅಡಿಯಿಂದ ತಂದು ಕಾಲ ಮೇಲೆ ಗಂಟು ಹಾಕಿದಳು. ಲೇಸೂ ಚಿಪ್ಪೂ ಸೀಲೂ ಹಾಗೇ ಇದ್ದವು. ಆರು ನಿಮಿಷ ಹೋಗಿತ್ತು. ಮೇಘಶ್ರೀ ಎದ್ದು ಹೊರಟಳು.

ಬೊಬ್ಬೆಗೆ ಗಾಳಿ ಸೋಕಿ ಉರಿ ಹೆಚ್ಚೇ ಆಯಿತು, ಆದರೆ ಉಜ್ಜುವುದು ನಿಂತಿತ್ತು. ಉರಿಯನ್ನು ಅವಳು ತಡೆದುಕೊಳ್ಳಬಲ್ಲಳು. ಒಂಬತ್ತು, ಹತ್ತು, ಹನ್ನೊಂದು. ದಾಟಿ ಹೋಗಿದ್ದ ಹುಡುಗಿಯರ ಬೆನ್ನುಗಳು ಒಂದೊಂದಾಗಿ ಹತ್ತಿರ ಬಂದವು. ಹನ್ನೆರಡರಲ್ಲಿ ಬಾಳೆಪಟ್ಟೆ ಹರಿಯಿತು. ದುಪಟ್ಟದ ಅಂಚನ್ನು ಹಲ್ಲಲ್ಲಿ ಕಚ್ಚಿ ಹರಿದು ಬಿಗಿದುಕೊಂಡಳು.

ಕೊನೆಯ ಕಿಲೋಮೀಟರಿನ ಕಲ್ಲಿನ ಮೇಲೆ ಯಾರೋ ಮುದುಕಿ ಕೂತಿದ್ದಳು. ಹತ್ತಿರ ಬಂದರೆ ಬೆಟ್ಟಮ್ಮ. ಹಿಂದೆ ಕಾಂತರಾಜುವಿನ ಬೈಕ್ ನಿಂತಿತ್ತು. ಹುಟ್ಟಿದಾಗಿನಿಂದ ಹವಾಯಿ ಚಪ್ಪಲಿಯ ಆಚೆಗೆ ಏನನ್ನೂ ಮೆಟ್ಟದ ಅಜ್ಜಿಯ ಕಾಲಲ್ಲಿ ಆ ಹಳೆಯ ಕ್ಯಾನ್ವಾಸ್ ಶೂ ಇದ್ದವು.

"ಅಳೇವು ತಂದಿವ್ನಿ ಕಣವ್ವ, ಆಕ್ಕೋ," ಎಂದು ಅವಳು ಬಗ್ಗಿ ಬಿಚ್ಚತೊಡಗಿದಳು.

"ಆಗಲ್ಲ ಅಜ್ಜಿ. ಇದ್ರಲ್ಲೇ ಮುಟ್ಬೇಕು," ಎಂದು ಮೇಘಶ್ರೀ ನಿಲ್ಲದೆ ಮುಂದೆ ಹೋದಳು.

ಬೆಟ್ಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದಳು. ಜೀಪಿನಲ್ಲಿ ಬಂದ ರವೀಂದ್ರ, ಅಭ್ಯರ್ಥಿಗಳ ಜೊತೆ ಯಾರೂ ಬರುವಂತಿಲ್ಲ ಎಂದು ತಡೆದರು. ಬೆಟ್ಟಮ್ಮ ಹೆಜ್ಜೆ ನಿಲ್ಲಿಸಲಿಲ್ಲ.

"ನಾನೇನ್ ಅವಳ್ ಜೊತೆ ಓಯ್ತಿದ್ದೀನಾ ಸಾ? ನಾನ್ ಈ ಕಡೆ ಓಯ್ತಿವ್ನಿ, ಅವ್ಳು ಆ ಕಡೆ ಓಯ್ತಾವ್ಳೆ."

ಸರ್ಕಾರದ ಯಾವ ಸುತ್ತೋಲೆಯಲ್ಲೂ ರಸ್ತೆಯ ಆಚೆ ಬದಿಯ ಪ್ರಸ್ತಾಪ ಇರಲಿಲ್ಲ. ರವೀಂದ್ರ ಜೀಪು ಮುಂದಕ್ಕೆ ಬಿಡಿಸಿದರು. ಮೇಘಶ್ರೀ ತಿರುಗಿ ನೋಡಲಿಲ್ಲ, ಆದರೆ ಆ ದೊಗಳೆ ಶೂಗಳ ಟಪಟಪ ಸದ್ದು ಆಚೆ ಬದಿಯಿಂದ ಕೇಳುತ್ತಲೇ ಇತ್ತು, ಅದು ಕೇಳುವಷ್ಟು ಹೊತ್ತೂ ಅವಳ ಕಾಲು ನಿಧಾನವಾಗಲಿಲ್ಲ. ಮೂರು ಗಂಟೆ ಐವತ್ತೆರಡು ನಿಮಿಷಕ್ಕೆ ಅವಳು ಗೆರೆ ದಾಟಿದಳು. ಯಂತ್ರ ಕೀಂ ಎಂದಿತು. ರವೀಂದ್ರ ಅವಳ ಶೂಗಳನ್ನು, ಸೀಲನ್ನು, ರಕ್ತದ ಕಾಲುಚೀಲವನ್ನು ನೋಡಿ ಹೆಸರಿನ ಮುಂದೆ ಗುರುತು ಹಾಕಿದರು. ಕಾಡಿನ ಕೆಲಸಕ್ಕೆ ಸರಿಯಾದ ಆಸಾಮಿ ಎಂದು ಪಕ್ಕದವರಿಗೆ ಹೇಳಿದ್ದು ಅವಳಿಗೂ ಕೇಳಿಸಿತು.

ಬೇವಿನ ಮರದ ಕೆಳಗೆ ಅಜ್ಜಿ ಬಂದು ಕೂತ ಮೇಲೆ ಮೇಘಶ್ರೀ ಕೇಳಿದಳು, ಈ ಶೂ ಎಲ್ಲಿ ಸಿಕ್ಕವು ಎಂದು.

ಬೆಟ್ಟಮ್ಮ ನೆಲ ನೋಡುತ್ತಾ ಹೇಳಿದಳು. "ಭೀಮ ಕಚ್ಕಂಡ್ ಓಗಿರ್ನಿಲ್ಲ. ನಾನೇ ಶನಿವಾರ ಶನಿಮಾತ್ಮನ ಗುಡಿತವ ಬುಟ್ಟು ಬಂದಿದ್ದೆ. ಎರಡು ಸಲ ತಪ್ಪೋಗಿತ್ತಲ್ಲ, ನಿನ್ ಕಾಲಿಗ್ ಸುತ್ಕಂಡಿರೋದು ಕಳೀಲಿ ಅಂತ. ಬೆಳಿಗ್ಗೆ ನೀನು ಬಿಗಿ ಅಂದಾಗ ನನ್ ಜೀವ ನಿಲ್ನಿಲ್ಲ. ನಿನ್ನ ಬುಟ್ಟು ಬಂದ ಕಾಂತನ್ನ ಕರ್ಕಂಡ್ ಓಗಿ ಗುಡಿ ಮುಂದಿನ ಮೆಟ್ಟಿನ ರಾಶಿಲಿ ಉಡುಕ್ದೆ."

ಮೇಘಶ್ರೀಗೆ ಕೋಪ ನೆತ್ತಿಗೇರಿತು. ನಾಲ್ಕು ತಿಂಗಳ ನಡಿಗೆ, ಒಂದು ಜನ್ಮದ ಕೆಲಸ, ಎಲ್ಲವನ್ನೂ ಗುಡಿಯ ಮುಂದೆ ಸುರಿದು ಬಂದಳಲ್ಲ ಈ ಮುದುಕಿ ಎನ್ನಿಸಿತು. ಬೈಯಲು ಬಾಯಿ ತೆರೆದವಳು, ಇನ್ನೊಂದು ನೆನಪಾಗಿ ತಡೆದುಕೊಂಡಳು. ಶನಿವಾರ ಬಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಿದವರಿಗೆ ಶನಿ ಹತ್ತಿಕೊಳ್ಳುತ್ತಾನೆ ಎಂದು ಚಿಕ್ಕಂದಿನಿಂದ ಹೇಳಿಕೊಟ್ಟವಳೇ ಇವಳು. ಮತ್ತೆ ಯಾಕೆ ಕಾಲಿಗೆ ಹಾಕಿಕೊಂಡೆ ಎಂದು ಕೇಳಿದಳು.

"ಮದ್ಲು ನಾನ್ ಆಕ್ಕಂಡ್ರೆ ನನಗೇ ಅತ್ಕತದೆ, ಆಮೇಲೆ ನೀನ್ ಆಕ್ಕಂಡ್ರೂ ಏನೂ ಆಗಲ್ಲ ಅಂತ. ನನಗೆ ಎಪ್ಪತ್ ಮೂರು ಕಣವ್ವ. ಅವನು ಬಂದ್ರೂ ನನ್ ತಾವ ಏನ್ ಸಿಕ್ತದೆ?"

ಮೇಘಶ್ರೀ ಬಗ್ಗಿ ಅಜ್ಜಿಯ ಶೂ ಬಿಚ್ಚಿದಳು. ಕಾಲುಚೀಲವಿಲ್ಲದೆ ನಡೆದ ಹಿಮ್ಮಡಿಯಲ್ಲಿ, ಬಿರುಕುಗಳ ನಡುವೆ, ಎರಡು ಬೊಬ್ಬೆ ಎದ್ದಿದ್ದವು. ಅವಳಿಗೆ ತಡೆಯಲಾಗಲಿಲ್ಲ, ಗಟ್ಟಿಯಾಗಿ ಅತ್ತುಬಿಟ್ಟಳು. ಬ್ಯಾಗಿನಿಂದ ಹರಳೆಣ್ಣೆ ತೆಗೆದು ಮೊದಲು ಆ ಕಾಲಿಗೆ ಹಚ್ಚಿದಳು, ಉಳಿದದ್ದನ್ನು ತನ್ನದಕ್ಕೆ ಹಚ್ಚಿಕೊಂಡಳು. ಆಮೇಲೆ ಹಿಮ್ಮಡಿಯಿಲ್ಲದ ಹೊಸ ಶೂಗಳನ್ನು ಅಜ್ಜಿಯ ಕಾಲಿಗೆ ತೊಡಿಸಿ, ಹಳೆಯವನ್ನು ತಾನು ಹಾಕಿಕೊಳ್ಳಲು ಎಳೆದುಕೊಂಡಳು.

ಈಗ ಬೇಡ, ಕೆಲಸ ಕೈಗೆ ಬಂದಿದೆ, ಅವನನ್ನು ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀಯ ಎಂದು ಬೆಟ್ಟಮ್ಮ ಗಾಬರಿಯಿಂದ ಅವಳ ಕೈ ಹಿಡಿದಳು.

"ಬರ್ಲಿ ಬಿಡಜ್ಜಿ," ಎಂದು ಮೇಘಶ್ರೀ ಲೇಸು ಬಿಗಿದಳು. "ದಿನಾ ಅದಿನಾರು ಕಿಲೋಮೀಟರು ನನ್ ಜೊತೆ ನಡ್ಯಕ್ಕಾದ್ರೆ ಬರ್ಲಿ."

ಬೆಟ್ಟಮ್ಮ ಕೈ ಬಿಟ್ಟಳು. ಮನೆಗೆ ಹೋದ ಕೂಡಲೇ ಭೀಮನನ್ನು ಬಿಚ್ಚಬೇಕು ಎಂದಷ್ಟೇ ಹೇಳಿ, ಮೊಮ್ಮಗಳ ಹೆಗಲು ಹಿಡಿದು ಎದ್ದು ನಿಂತಳು.