ಹುಷಾರಮ್ಮನ ಕಾಡು

"ದಾರಿ ಬಿಡಬೇಡ ಮಗಳೇ! ಏನೇ ಕಂಡರೂ, ಯಾರೇ ಕರೆದರೂ, ದಾರಿ ಮಾತ್ರ ಬಿಡಬೇಡ!"

"ಕಟ್," ಎಂಬ ದನಿ ಹೆಡ್‌ಫೋನಿನಲ್ಲಿ ಬಂತು. "ಅಮ್ಮ, ಭಯ ಸಾಲ್ತಿಲ್ಲ. ಕೇಳಿದ ಮಕ್ಕಳು ಬಚ್ಚಲಿಗೆ ಹೋಗೋಕೂ ಹೆದರ್ಬೇಕು."

ಗಾಜಿನ ಆಚೆ ಕೂತಿದ್ದ ಡಬ್ಬಿಂಗ್ ನಿರ್ದೇಶಕನಿಗೆ ಅವಳ ಮಗನ ವಯಸ್ಸು. ಅವಳು ಮೈಕಿನ ಮುಂದಿನಿಂದ ಸರಿದು ಒಂದು ಗುಟುಕು ನೀರು ಕುಡಿದಳು. ಗಂಟಲು ಒಣಗಿತ್ತು ನಿಜ, ಆದರೆ ಮೈ ಉರಿಯುತ್ತಿದ್ದದ್ದಕ್ಕೆ ನೀರು ಏನು ಮಾಡೀತು?

ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಅವಳು ಹುಷಾರಮ್ಮ. ಬೇರೆ ಭಾಷೆಗಳಿಂದ ಬರುವ ಮಾಯಾಲೋಕದ ಸಿನಿಮಾಗಳಲ್ಲಿ ಒಂದು ಕಾಡು ಇದ್ದೇ ಇರುತ್ತದೆ. ಕಾಡಿಗೊಂದು ದಾರಿ, ದಾರಿಯ ಮೊದಲಿಗೊಬ್ಬ ಮುದುಕಿ. ಆ ದಾರಿ ಹಿಡಿದ ಹುಡುಗಿಗೆ ಹುಷಾರು ಹೇಳಿದರೆ ಮುದುಕಿಯ ಕೆಲಸ ಮುಗಿಯಿತು, ಅವಳಿಗೆ ದನಿ ಕೊಡುವ ಹುಷಾರಮ್ಮನದೂ ಮುಗಿಯಿತು. ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ, ತಲೆಗೂದಲು ಕಪ್ಪಗಿದ್ದಾಗಿನಿಂದಲೂ ಅವಳು ಅದನ್ನೇ ಹೇಳಿಕೊಂಡು ಬಂದಿದ್ದಳು. ಅವಳ ಪಾಲಿನ ತುಣುಕನ್ನಷ್ಟೇ ತೆರೆಗೆ ಹಾಕುತ್ತಿದ್ದುದರಿಂದ ಆ ಹುಡುಗಿಯರೆಲ್ಲ ಮುಂದೆ ಏನಾದರೆಂದು ಅವಳು ನೋಡಿರಲಿಲ್ಲ. ಟಿಕೆಟ್ ತೆಗೆದು ನೋಡಬಹುದಿತ್ತು. ದೊಡ್ಡ ಪಾತ್ರಗಳಿಗೆ ದನಿ ಕೊಟ್ಟವರ ಮೇಲಿನ ಹೊಟ್ಟೆಕಿಚ್ಚಿಗೆ ಹೋಗಿರಲಿಲ್ಲ.

ಈ ಸಲ ಮಾತ್ರ ಆಸೆ ಹುಟ್ಟಿಸಿದ್ದರು. ದಾರಿ ಬಿಟ್ಟು ಬಂದವರನ್ನು ಬರಮಾಡಿಕೊಳ್ಳುವ ಜೌಗಿನ ಹೆಂಗಸೊಬ್ಬಳು ಈ ಸಿನಿಮಾದಲ್ಲಿದ್ದಳು. ನಗುತ್ತಾಳೆ, ಸುಳ್ಳು ಹೇಳುತ್ತಾಳೆ, ಮುದ್ದು ಮಾಡುತ್ತಾಳೆ, ಅರ್ಧ ಸಿನಿಮಾ ಅವಳದೇ. ಹೋದ ವಾರ ಆ ಮಾತುಗಳನ್ನು ಹುಷಾರಮ್ಮನಿಂದ ಹೇಳಿಸಿ ನೋಡಿ, "ಇದು ನಿಮ್ಮದೇ ಅಂದ್ಕೊಳಿ ಅಮ್ಮ" ಎಂದಿದ್ದವನು ಇದೇ ನಿರ್ದೇಶಕ. ಅವಳು ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಚುತ್ತಾ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡಿದ್ದಳು. "ಇರೋ ಕೆಲ್ಸ ಇಟ್ಕೊಂಡು ಸುಮ್ನಿರೇ, ಅದೂ ಹೋದೀತು" ಎಂದ ಗಂಡನನ್ನು ಸೌಟು ಹಿಡಿದು ಗದರಿದ್ದಳು. ಇವತ್ತು ಬಂದರೆ ಕೈಗೆ ಕೊಟ್ಟದ್ದು ಮತ್ತದೇ ಮುದುಕಿಯ ಹಾಳೆ. ಜೌಗಿನ ಹೆಂಗಸಿಗೆ ಧಾರಾವಾಹಿಯ ನಟಿಯೊಬ್ಬಳು ನಾಳೆಯಿಂದ ಬರುತ್ತಾಳಂತೆ.

"ಒಂದ್ ಮಾತು ಕೇಳ್ಲಾ?" ಎಂದಳು ಮೈಕಿನಲ್ಲೇ, ಉತ್ತರ ಗೊತ್ತಿದ್ದೂ. "ಈ ಹುಡುಗಿ ದಾರಿ ಬಿಡ್ತಾಳಾ?"

"ಬಿಡ್ದೇ ಇರ್ತಾಳಾ? ಬಿಡ್ದಿದ್ರೆ ಸಿನಿಮಾನೇ ಇಲ್ವಲ್ಲ."

"ಮತ್ತೆ ನಾನ್ಯಾಕೆ ಗಂಟ್ಲು ಹರ್ಕೋಬೇಕು?"

"ಯಾರಾದ್ರೂ ಬೇಡ ಅಂದ್ರೆ ತಾನೇ ಅಮ್ಮ, ಹೋಗೋಕೆ ಮಜಾ?" ನಿರ್ದೇಶಕ ತನ್ನ ಮಾತಿಗೆ ತಾನೇ ನಕ್ಕ. ಪಕ್ಕದಲ್ಲಿದ್ದ ಸೌಂಡಿನವನು ನಗಲಿಲ್ಲ. ಅವನು ಹುಷಾರಮ್ಮನಷ್ಟೇ ಹಳಬ.

"ಹೋದ ವಾರ ಆ ಪಾತ್ರ ನಂದೇ ಅಂದಿದ್ಯಲ್ಲಪ್ಪ?"

"ಅಯ್ಯೋ, ನನ್ ಕೈಲೇನಿದೆ? ಮೇಲಿನವ್ರಿಗೆ ಹೆಸರಿರೋರು ಬೇಕು. ನಿಮ್ ದನಿ ಬಂದ ಕೂಡ್ಲೇ ಜನ ಹುಷಾರಮ್ಮ ಬಂದ್ಲು ಅಂತಾರೆ. ನಿಮ್ ಅಜ್ಜಿ ಪಾತ್ರ ಎಲ್ಲೂ ಹೋಗಲ್ಲ ಬಿಡಿ. ರೆಡಿನಾ? ಭಯ ಬೇಕು, ಭಯ."

ಅವಳಿಗೆ ಅತ್ತುಬಿಟ್ಟರಾದರೂ ಹಗುರಾಗುತ್ತಿತ್ತೇನೋ. ಅಳು ಬರಲಿಲ್ಲ, ಸಿಟ್ಟು ಬಂತು, ಅದೂ ತನ್ನ ಮೇಲೆಯೇ. ಇಷ್ಟು ವರ್ಷ ಹೇಳಿದ ಬುದ್ಧಿಮಾತನ್ನು ಒಬ್ಬ ಹುಡುಗಿಯೂ ಕೇಳಿರಲಿಲ್ಲ. ಕೇಳಿ ತೆಪ್ಪಗೆ ನಿಂತವಳು ತಾನೊಬ್ಬಳೇ.

ಕೆಂಪು ದೀಪ ಹತ್ತಿತು. ತೆರೆಯ ಮೇಲೆ ಮುದುಕಿ ಹುಡುಗಿಯ ತೋಳು ಹಿಡಿದು ಬಾಯಿ ತೆರೆದಳು. ಹುಷಾರಮ್ಮ ತುಟಿ ಬಿಚ್ಚಲಿಲ್ಲ. ಮುದುಕಿಯ ಬಾಯಿ ಸುಮ್ಮನೆ ತೆರೆದು ಮುಚ್ಚಿ, ತೆರೆದು ಮುಚ್ಚಿ, ನಿಂತಿತು.

"ಅಮ್ಮ?" ಎಂದ ನಿರ್ದೇಶಕ.

ತುಣುಕು ಅಲ್ಲಿಗೆ ಮುಗಿಯಬೇಕು, ಸೌಂಡಿನವನು ನಿಲ್ಲಿಸಬೇಕು. ಅವನು ಗಾಜಿನಾಚೆಯಿಂದ ಅವಳನ್ನೊಮ್ಮೆ ನೋಡಿದ. ನಿಲ್ಲಿಸುವ ಗುಂಡಿಯ ಮೇಲಿದ್ದ ಕೈ ತೆಗೆದು, ಕನ್ನಡಕ ಬಿಚ್ಚಿ, ಅಂಗಿಯ ಚುಂಗಿನಿಂದ ನಿಧಾನವಾಗಿ ಒರೆಸತೊಡಗಿದ.

ತೆರೆಯ ಮೇಲೆ ಚಿತ್ರ ಓಡುತ್ತಲೇ ಇತ್ತು. ಹುಡುಗಿ ನಾಲ್ಕು ಹೆಜ್ಜೆ ನಡೆದಳು, ಹಿಂದೆ ತಿರುಗಿ ನೋಡಿದಳು, ದಾರಿಯಿಂದ ಕೆಳಗಿಳಿದಳು. ಅಲ್ಲಿ ಇದ್ದದ್ದು ಒದ್ದೆ ಹುಲ್ಲು, ಒಂದು ಕಪ್ಪೆ, ಮೊಣಕಾಲುದ್ದದ ನೀರು. ಇಷ್ಟೇನಾ ಎಂದುಕೊಂಡಳು ಹುಷಾರಮ್ಮ. ನೀರಿನಾಚೆ ಬೆನ್ನು ಹಾಕಿ ಕೂತಿದ್ದ ಹೆಂಗಸು ಮೆಲ್ಲಗೆ ತಿರುಗಿದಳು. ಅವಳ ತುಟಿ ಅಲುಗಿತು.

"ಬಂದ್ಯಾ? ಎಷ್ಟ್ ಹೊತ್ತು ಕಾಯಿಸ್ಬಿಟ್ಯೇ ಹುಡುಗಿ," ಎಂದಳು ಹುಷಾರಮ್ಮ.

"ಅಮ್ಮ, ಏನಿದು? ಅದು ನಿಮ್ದಲ್ಲ, ನಿಲ್ಸಿ..."

ಅವಳು ಹೆಡ್‌ಫೋನನ್ನು ಕಿವಿಯಿಂದ ಕುತ್ತಿಗೆಗೆ ಜಾರಿಸಿ, ಮೈಕಿಗೆ ಇನ್ನಷ್ಟು ಹತ್ತಿರವಾಗಿ, ಕಣ್ಣು ತೆರೆಯ ಮೇಲೆಯೇ ಇಟ್ಟು ನಕ್ಕಳು. ಹೊಟ್ಟೆಯೊಳಗಿನಿಂದ ಬಂದ ಉದ್ದನೆಯ ನಗು, ಹೆಂಗಸಿನ ತುಟಿಗೆ ಸರಿಯಾಗಿ ಕೂತಿತು. ಮುಂದಿನ ಮಾತು ಶುರು ಮಾಡಿದಳು. ಗಾಜಿನಾಚೆ ನಿರ್ದೇಶಕ ಕುರ್ಚಿ ಬಿಟ್ಟು ಎದ್ದು ಕೈ ಬೀಸುತ್ತಿದ್ದ. ಅವನ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿತ್ತು. ಒಳಗೆ ಏನೂ ಕೇಳಿಸುತ್ತಿರಲಿಲ್ಲ.